ಬೆಂಗಳೂರು ಬಿಟ್ಟು ಮೈಸೂರಿಗೆ: ಮನೆ ನೋಡೋ ಮುಂಚೆ ಗಾಡಿ ಓಡಿಸದವರನ್ನ ಕೇಳಿ

(ಈ ವಾರದ ಪಾಡ್‌ಕಾಸ್ಟ್‌ನ ಬರಹ ರೂಪ)

ಬೆಂಗಳೂರಿನ ಮನೆ ಬಾಡಿಗೆ ಬಗ್ಗೆ ಮಾಡಿದ ಸಂಚಿಕೆಗೆ ಬಂದ ವಾಯ್ಸ್ ಮೆಸೇಜ್‌ಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. "ಮೇಡಂ, ನೀವು ಮೈಸೂರಿಗೆ ಹೋದ್ರಲ್ಲ, ನಾವೂ ಹೋಗಬಹುದಾ?" ಹೋಗಿ ಅಥವಾ ಬೇಡ ಅಂತ ಹೇಳೋಕೆ ನಾನ್ಯಾರು? ನಾವು ಹೇಗೆ ತೀರ್ಮಾನ ಮಾಡಿದ್ವಿ, ಹನ್ನೊಂದೇ ತಿಂಗಳಿಗೆ ಎರಡನೇ ಸಲ ಯಾಕೆ ಸಾಮಾನು ಕಟ್ಟಬೇಕಾಯ್ತು ಅನ್ನೋದನ್ನ ಹೇಳ್ತೀನಿ. ನಿಮ್ಮ ಲೆಕ್ಕ ನೀವು ಹಾಕ್ಕೊಳ್ಳಿ.

ನಾವಿದ್ದದ್ದು ರಾಜಾಜಿನಗರದಲ್ಲಿ, ಒಂಬತ್ತು ವರ್ಷ. ನಾನು, ನಮ್ಮನೆಯವರು, ಮಗಳು, ಅತ್ತೆ. ಈ ಕಾರ್ಯಕ್ರಮ ವಾರಕ್ಕೊಂದು ಸಲ ಅಷ್ಟೆ, ನನ್ನ ಹೊಟ್ಟೆಪಾಡು ವೈಟ್‌ಫೀಲ್ಡ್‌ನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ. 2024ರ ಬೇಸಿಗೆ ನಿಮಗೆಲ್ಲ ನೆನಪಿರುತ್ತೆ, ಟ್ಯಾಂಕರ್‌ಗೆ ಫೋನ್ ಮಾಡಿ ಮಾಡಿ ಸಾಕಾಗಿದ್ದ ಬೇಸಿಗೆ. ಅದೇ ಹೊತ್ತಿಗೆ ನಮ್ಮನೆಯವರಿಗೆ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ತು. (ಮೈಸೂರಲ್ಲೂ ಒಂದು ಹೆಬ್ಬಾಳ ಇದೆ, ಗಾಬರಿ ಆಗ್ಬೇಡಿ.) ಸಂಬಳ ಐದನೇ ಒಂದು ಭಾಗ ಕಮ್ಮಿ. ಆದ್ರೆ ಬಾಡಿಗೆ 32 ಸಾವಿರದಿಂದ 16 ಸಾವಿರಕ್ಕೆ ಇಳಿಯುತ್ತೆ. ಅಲ್ಲಿಗೆ ಸರಿಹೋಯ್ತಲ್ಲ ಅಂದ್ಕೊಂಡ್ವಿ.

ನನ್ನ ಆಫೀಸಿನ ಲೆಕ್ಕ ಹಾಕಿದ್ದು ಆಮೇಲೆ. ವಾರಕ್ಕೆ ಎರಡು ದಿನ ಹೋಗ್ಬೇಕಿತ್ತು. "ಎಕ್ಸ್‌ಪ್ರೆಸ್‌ವೇ ಇದೆಯಲ್ಲ, ತೊಂಬತ್ತು ನಿಮಿಷ" ಅಂತ ಎಲ್ಲರೂ ಹೇಳೋರು. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆದ ಆ 118 ಕಿಲೋಮೀಟರ್ ರಸ್ತೆ ಚೆನ್ನಾಗಿದೆ, ಸುಳ್ಳಲ್ಲ. ಆದ್ರೆ ಆ ತೊಂಬತ್ತು ನಿಮಿಷ ಮೈಸೂರಿನ ಅಂಚಿಂದ ಬೆಂಗಳೂರಿನ ಅಂಚಿಗೆ. ಕೆಂಗೇರಿ ತಲುಪಿದ ಮೇಲೇ ನಿಜವಾದ ಪ್ರಯಾಣ ಶುರುವಾಗೋದು. ಬೈಕಲ್ಲಿ ಹೋಗ್ತೀನಿ ಅನ್ನೋರಿಗೆ ಇನ್ನೊಂದು ಮಾತು. ಅದೇ ವರ್ಷದ ಆಗಸ್ಟ್‌ನಿಂದ ಮುಖ್ಯ ರಸ್ತೆಗೆ ಬೈಕು, ಆಟೋ ಬಿಡಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗ್ಬೇಕು.

ನಾನು ಆರಿಸ್ಕೊಂಡಿದ್ದು ರೈಲು. ಬೆಳಿಗ್ಗೆ ಮೈಸೂರಿಂದ ಹೋಗಿ ಸಂಜೆ ವಾಪಸ್ ಬರೋ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಪಾಸ್ ಹಿಡಿದವರದ್ದೇ ಒಂದು ಸಂಸಾರ ಇದೆ. ಮಂಡ್ಯ, ಮದ್ದೂರಲ್ಲಿ ಹತ್ತೋರಿಗೆ ಸೀಟು ಹಿಡಿದಿಡೋದು, ಡಬ್ಬಿ ಹಂಚಿ ತಿನ್ನೋದು ಎಲ್ಲ ನಡೆಯುತ್ತೆ. ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮಾರ್ಗದ ಮೆಟ್ರೋ ಹಿಡಿದ್ರೆ ವೈಟ್‌ಫೀಲ್ಡ್‌ಗೆ ಹೆಚ್ಚು ಕಮ್ಮಿ ಒಂದು ಗಂಟೆ. ಮನೆ ಬಾಗಿಲಿಂದ ಆಫೀಸ್ ಬಾಗಿಲಿಗೆ ನಾಲ್ಕೂಕಾಲು ಗಂಟೆ. ಹೋಗಿ ಬಂದು ಎಂಟೂವರೆ. ಎರಡು ದಿನಕ್ಕೆ ಹದಿನೇಳು. ಈ ಹದಿನೇಳು ಗಂಟೆಯನ್ನ ನಾನು ಮೊದಲೇ ಕಾಗದದ ಮೇಲೆ ಬರೆದು ನೋಡಿದ್ದೆ, ಅದಕ್ಕೇ ಈಗ ಗೊಣಗೋ ಹಕ್ಕಿಲ್ಲ. ನೀವೂ ಊರು ಬಿಡೋ ಮುಂಚೆ ಬಾಗಿಲಿಂದ ಬಾಗಿಲಿಗೆ ಬರೆದು ನೋಡಿ. ಸ್ಟೇಷನ್ನಿಂದ ಸ್ಟೇಷನ್ನಿಗೆ ಬರೆದ್ರೆ ಮೋಸ ಹೋಗ್ತೀರ.

ಎಡವಿದ್ದು ಬಡಾವಣೆ ಆರಿಸೋದ್ರಲ್ಲಿ. ಇಬ್ರೂ ಒಂದು ಭಾನುವಾರ ಕಾರಲ್ಲಿ ಬಂದು ನಾಲ್ಕು ಮನೆ ನೋಡಿ, ಹೊರವರ್ತುಲ ರಸ್ತೆಯಿಂದ ಆಚೆ ಒಂದು ಖಾಸಗಿ ಬಡಾವಣೆಯಲ್ಲಿ ಅಡ್ವಾನ್ಸ್ ಕೊಟ್ವಿ. ಹೊಸ ಮನೆ, ದೊಡ್ಡ ಹಾಲ್, ಬಾಲ್ಕನಿಯಲ್ಲಿ ನಿಂತ್ರೆ ಚಾಮುಂಡಿ ಬೆಟ್ಟ. ಅವರ ಫ್ಯಾಕ್ಟರಿಗೆ ಹದಿನೈದು ನಿಮಿಷ. ಅತ್ತೆಯನ್ನ ಕರ್ಕೊಂಡು ಬರಲಿಲ್ಲ. ಮಂಡಿನೋವು, ಸುಮ್ನೆ ಓಡಾಟ ಯಾಕೆ ಅಂತ.

ಮೊದಲನೇ ತಿಂಗಳು ಅವರು ಏನೂ ಹೇಳಲಿಲ್ಲ. ರಾಜಾಜಿನಗರದಲ್ಲಿ ಬೆಳಿಗ್ಗೆ ದೇವಸ್ಥಾನ, ಬರ್ತಾ ಸೊಪ್ಪು, ಸಂಜೆ ಪಾರ್ಕಲ್ಲಿ ನಾಲ್ಕು ಜನ ಗೆಳತಿಯರು. ದಿನಕ್ಕೆ ಮೂರು ಸಲ ಮನೆಯಿಂದ ಹೊರಗೆ ಹೋಗ್ತಿದ್ದವರು ಇಲ್ಲಿ ಬಾಲ್ಕನಿಯಲ್ಲಿ ಕೂತ್ಕೊಳ್ಳೋಕೆ ಶುರು ಮಾಡಿದ್ರು. ಅಂಗಡಿ ಒಂದೂವರೆ ಕಿಲೋಮೀಟರ್ ದೂರ, ಮಧ್ಯೆ ಖಾಲಿ ಸೈಟುಗಳು, ನಾಯಿಗಳು. ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ಸು ಉಚಿತ ಅನ್ನೋದು ನಿಜ, ಆದ್ರೆ ಬಸ್ಸು ಬಂದ್ರೆ ತಾನೆ? ಒಂದಿನ ನಾನು ಲ್ಯಾಪ್‌ಟಾಪ್ ಮುಂದೆ ಕೂತಿದ್ದಾಗ ಬಂದು, "ಅಲ್ಲಿ ಟ್ರಾಫಿಕ್ ಜಾಸ್ತಿ ಅಂತ ಇಲ್ಲಿಗೆ ಬಂದ್ವಿ. ಇಲ್ಲಿ ಒಂದು ಕೊತ್ತಂಬರಿ ಕಟ್ಟಿಗೂ ನಿನ್ನ ಮೀಟಿಂಗ್ ಮುಗಿಯೋದು ಕಾಯ್ಬೇಕು ಕಣಮ್ಮ" ಅಂದ್ರು. ಕೋಪದಲ್ಲಿ ಹೇಳಿದ್ದಲ್ಲ. ಅದಕ್ಕೇ ಜಾಸ್ತಿ ತಾಗ್ತು.

ಇಲ್ಲೊಂದು ವಿಷಯ ಅರ್ಥ ಮಾಡ್ಕೋಬೇಕು. ಸಣ್ಣ ಊರಲ್ಲಿ ಎಲ್ಲ ಹತ್ತಿರ ಅಂತೀವಲ್ಲ, ಅದು ಗಾಡಿ ಇರೋರ ಮಾತು. ಬೆಂಗಳೂರಲ್ಲಿ ಎಷ್ಟೇ ಕಷ್ಟ ಇದ್ರೂ ಬಸ್ಸು, ಮೆಟ್ರೋ, ಬೀದಿ ಕೊನೆಯಲ್ಲಿ ಅಂಗಡಿ ಅಂತ ಏನಾದ್ರೂ ಇರುತ್ತೆ. ಮೈಸೂರಲ್ಲಿ ಅದು ಹಳೇ ಬಡಾವಣೆಗಳಲ್ಲಿ ಚೆನ್ನಾಗಿದೆ, ಹೊರಗೆ ಹೋದಂತೆಲ್ಲ ತೆಳುವಾಗುತ್ತೆ. ಕಾರಣ ಇದೆ. 1903ರಲ್ಲೇ ಇಲ್ಲಿ ನಗರಾಭಿವೃದ್ಧಿಗೆ ಅಂತ ಟ್ರಸ್ಟ್ ಬೋರ್ಡ್ ಆಯ್ತು. ಊರಿನ ಒಳಗಿನ ಹಳೇ ಬಡಾವಣೆಗಳು ಮನೆಗೊಂದು ಕಾರು ಇಲ್ಲದ ಕಾಲದಲ್ಲಿ ಬೆಳೆದವು, ಹಾಗಾಗಿ ಅಲ್ಲಿ ಪಾರ್ಕು, ಮಾರ್ಕೆಟ್ಟು, ಸ್ಕೂಲು ನಡೆಯೋ ದೂರದಲ್ಲಿವೆ. ಹೊರಗಿನ ಖಾಸಗಿ ಬಡಾವಣೆಗಳಲ್ಲಿ ಮೊದಲು ಸೈಟು ಮಾರಾಟ ಆಗುತ್ತೆ, ಅಂಗಡಿ ಬರೋದು ಮನೆಗಳು ತುಂಬಿದ ಮೇಲೆ. ಅದಕ್ಕೆ ಹತ್ತು ವರ್ಷ ಬೇಕಾಗಬಹುದು.

ಇನ್ನು ನೀರು. ಬೆಂಗಳೂರಿನ ಟ್ಯಾಂಕರ್‌ಗೆ ಹೆದರಿ ಓಡಿಬಂದವರು 2025ರ ಮಾರ್ಚ್‌ನಲ್ಲಿ ಮೈಸೂರಲ್ಲಿ ಟ್ಯಾಂಕರ್‌ಗೆ ಫೋನ್ ಮಾಡ್ತಾ ಕೂತಿದ್ವಿ! ಮನೆ ಅಡ್ರೆಸ್ಸಲ್ಲಿ ಮೈಸೂರು ಅಂತ ಇದ್ರೆ ಸಾಲದು. ಪಾಲಿಕೆ ವ್ಯಾಪ್ತಿಯ ಬಡಾವಣೆಗಳಿಗೆ ವಾಟರ್ ವರ್ಕ್ಸ್ ಕಡೆಯಿಂದ ಕಾವೇರಿ, ಕಬಿನಿ ನೀರು ಬರುತ್ತೆ. ಸುತ್ತಲಿನ ಹೂಟಗಳ್ಳಿ ನಗರಸಭೆ ಆಯ್ತು, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ಎಲ್ಲವನ್ನೂ ಸೇರಿಸಿ ಬೃಹತ್ ಮೈಸೂರು ಮಾಡೋ ಮಾತು ನಡೀತಾ ಬಂದಿದೆ. ಆದ್ರೆ ಈ ಕಡೆಯ ಬಡಾವಣೆಗಳಲ್ಲಿ ಒಂದಕ್ಕೆ ನದಿ ನೀರು ಬರುತ್ತೆ, ಪಕ್ಕದ್ದಕ್ಕೆ ಬರೀ ಬೋರ್‌ವೆಲ್. ಗಡಸು ನೀರು, ಬೇಳೆ ಬೇಯಲ್ಲ. ಹಾಗಾಗಿ ಓನರ್‌ಗೆ "ನೀರು ಚೆನ್ನಾಗಿದೆಯಾ" ಅಂತ ಕೇಳ್ಬೇಡಿ, "ನೀರಿನ ಬಿಲ್ ತೋರಿಸಿ" ಅನ್ನಿ. ಬಿಲ್ ಇಲ್ಲ ಅಂದ್ರೆ ನಿಮಗೆ ಉತ್ತರ ಸಿಕ್ಕಿತು.

ಎರಡನೇ ಸಲ ಮನೆ ಹುಡುಕಿದಾಗ ಕಾರು ತೆಗೀಲೇ ಇಲ್ಲ. ಅತ್ತೆ ಜೊತೆ ಸಿಟಿ ಬಸ್ಸಲ್ಲಿ ಹೋಗಿ ಇಳಿದು, ಅವರ ವೇಗದಲ್ಲಿ ಹದಿನೈದು ನಿಮಿಷ ನಡೆಯೋದು. ಅಷ್ಟರೊಳಗೆ ಹಾಲು, ತರಕಾರಿ, ಮೆಡಿಕಲ್ ಸ್ಟೋರ್, ಕೂತ್ಕೊಳ್ಳೋಕೆ ಒಂದು ಜಾಗ ಸಿಗಬೇಕು.

ಸಿದ್ಧಾರ್ಥನಗರ, ಆಲನಹಳ್ಳಿ ಕಡೆ ಪ್ರಶಾಂತವಾಗಿದೆ, ಆದ್ರೆ ಅದು ಪೂರ್ವಕ್ಕೆ, ಅವರ ಫ್ಯಾಕ್ಟರಿಗೆ ಊರಿನ ಆ ತುದಿಯಿಂದ ಈ ತುದಿಗೆ. ಹೆಬ್ಬಾಳ, ಹೂಟಗಳ್ಳಿ ಕಡೆ ಕೆಲಸ ಇರೋರಿಗೆ ವಿಜಯನಗರದ ಒಂದು, ಎರಡನೇ ಹಂತ ಅನುಕೂಲ. ಗೋಕುಲಂ ನನಗೆ ಇಷ್ಟ ಆಯ್ತು, ಆದ್ರೆ ಯೋಗ ಕಲಿಯೋಕೆ ವಿದೇಶದಿಂದ ಬರೋರ ಲೆಕ್ಕದಲ್ಲಿ ಬಾಡಿಗೆ ಹೇಳ್ತಾರೆ. ರೈಲಲ್ಲಿ ಓಡಾಡೋರಿಗೆ ಯಾದವಗಿರಿ, ಒಂಟಿಕೊಪ್ಪಲು ಸ್ಟೇಷನ್‌ಗೆ ಹತ್ತಿರ. ಕೆಲವು ರೈಲು ಅಶೋಕಪುರಂವರೆಗೂ ಹೋಗೋದ್ರಿಂದ ಕುವೆಂಪುನಗರ, ಜಯನಗರದವರು ಮುಖ್ಯ ಸ್ಟೇಷನ್‌ಗೇ ಹೋಗ್ಬೇಕಾಗಿಲ್ಲ, ಮನೆ ತೋರಿಸೋ ಬ್ರೋಕರ್‌ಗಳಲ್ಲಿ ಒಬ್ರೂ ಇದನ್ನ ಹೇಳಲಿಲ್ಲ. ವಿದ್ಯಾರಣ್ಯಪುರಂ ಕಡೆ ನೋಡೋದಾದ್ರೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹೋಗಿ, ಸೂಯೇಜ್ ಫಾರ್ಮ್ ಕಡೆಯಿಂದ ಗಾಳಿ ಬೀಸಿದಾಗ ಹೇಗಿರುತ್ತೆ ಅಂತ ನೋಡ್ಕೊಳ್ಳಿ.

ನಮಗೆ ಕೊನೆಗೆ ಸಿಕ್ಕಿದ್ದು ಸರಸ್ವತಿಪುರಂನಲ್ಲಿ, ಹಳೇ ಮನೆ. ಅಡುಗೆಮನೆಯಲ್ಲಿ ಇಬ್ರು ನಿಲ್ಲೋಕಾಗಲ್ಲ. ಬಾಡಿಗೆ 23 ಸಾವಿರ, ಅಂದ್ರೆ ಬೆಂಗಳೂರಿಗಿಂತ ಉಳಿಯೋದು 9 ಸಾವಿರ ಅಷ್ಟೆ. ಸಂಬಳದಲ್ಲಿ ಕಮ್ಮಿಯಾಗಿದ್ದನ್ನ ಇದು ತುಂಬಲ್ಲ. ಇದನ್ನ ಮುಚ್ಚಿಟ್ಟು ನಿಮಗೆ ಮೈಸೂರಿನ ಆಸೆ ಹುಟ್ಟಿಸೋಕೆ ನನಗಿಷ್ಟ ಇಲ್ಲ. ಆದ್ರೆ ನೆಲಮಹಡಿ ಮನೆ. ಕುಕ್ಕರಹಳ್ಳಿ ಕೆರೆ ಹತ್ತಿರ. ಅತ್ತೆ ಈಗ ಬೆಳಿಗ್ಗೆ ಏಳಕ್ಕೆ ಹೊರಟ್ರೆ ಒಂಬತ್ತಾದ್ರೂ ಪತ್ತೆ ಇರಲ್ಲ, ಫೋನ್ ಮನೇಲೇ ಬಿಟ್ಟು ಹೋಗಿರ್ತಾರೆ. ಅದು ಬೇರೆ ತಲೆನೋವು.

ಸೈಟು ತಗೊಳ್ಳೋ ಬಗ್ಗೆ ಕೇಳಿದೋರಿಗೆ: ಒಂದು ಬೇಸಿಗೆ, ಒಂದು ಮಳೆಗಾಲ ಬಾಡಿಗೆ ಮನೆಯಲ್ಲಿ ಕಳೆಯದೆ ತಗೋಬೇಡಿ. ಬಾಲ್ಕನಿ ನೋಡಿದ ಖುಷಿಯಲ್ಲಿ ನಾವು ಆ ಬಡಾವಣೆಯಲ್ಲೇ ಒಂದು ಮೂವತ್ತು ನಲವತ್ತಕ್ಕೆ ಮಾತಾಡ್ತಿದ್ವಿ. ತಗೊಂಡಿದ್ರೆ ಇವತ್ತು ಬಿಡೋಕೂ ಆಗ್ತಿರಲಿಲ್ಲ, ಇರೋಕೂ ಆಗ್ತಿರಲಿಲ್ಲ. ಬಡಾವಣೆಗೆ ಅಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಇದೆಯಾ, ಖಾತೆ ಎ ನಾ ಬಿ ನಾ, ಇ-ಖಾತೆ ಆಗಿದೆಯಾ ಅಂತ ವಕೀಲರ ಹತ್ರ ನೋಡಿಸಿ. ಬ್ರೋಕರ್ ಹತ್ರ ಅಲ್ಲ.

ಹೋದ ತಿಂಗಳು ನಮ್ಮ ಆಫೀಸಿಂದ ಮೇಲ್ ಬಂತು. ವಾರಕ್ಕೆ ಎರಡು ದಿನ ಇದ್ದದ್ದು ಮೂರು ದಿನ ಆಗುತ್ತಂತೆ. ಹದಿನೇಳು ಗಂಟೆ ಇದ್ದದ್ದು ಇಪ್ಪತ್ತೈದೂವರೆ. ಒಂದು ರಾತ್ರಿ ವಿಜಯನಗರದಲ್ಲಿ ಅಕ್ಕನ ಮನೇಲಿ ಉಳ್ಕೊಂಡ್ರೆ ಹದಿನೆಂಟು, ಹತ್ತೊಂಬತ್ತಕ್ಕೆ ಇಳಿಸಬಹುದೇನೋ. ಇಲ್ಲಾ ಇಲ್ಲೇ ಬೇರೆ ಕೆಲಸ ಹುಡುಕ್ಬೇಕು, ಅಂದ್ರೆ ಮನೇಲಿ ಇನ್ನೊಂದು ಸಂಬಳವೂ ಇಳಿಯುತ್ತೆ. ಇನ್ನೂ ತೀರ್ಮಾನ ಆಗಿಲ್ಲ. ನಿಮ್ಮಲ್ಲಿ ಯಾರಾದ್ರೂ ವಾರಕ್ಕೆ ಮೂರು ದಿನ ಓಡಾಡ್ತಿದ್ರೆ ಹೇಗೆ ನಿಭಾಯಿಸ್ತೀರ ಅಂತ ವಾಯ್ಸ್ ಮೆಸೇಜ್ ಕಳಿಸಿ, ಮುಂದಿನ ವಾರ ಕೇಳಿಸ್ತೀನಿ.