ಧ್ವನಿವರ್ಧಕದ ನಡುದನಿ

ರಾಯಚೂರು ಜಿಲ್ಲೆಯ ಮಾನವಿಯು ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರ ಊರು. ಆ ಕೃತಿಯ ಷಟ್ಪದಿಯೊಂದನ್ನು ಹಾಡುವಾಗ, ಕಂಬದ ಮೇಲಿನ ಧ್ವನಿವರ್ಧಕದಿಂದ ರಾಗವು ಬೀದಿಯ ಕೊನೆಯವರೆಗೂ ಕೇಳಿಸಿ, ಪದಗಳು ಮಾತ್ರ ತಿಳಿಯದೆ ಹೋದರೆ ಕೇಳುಗನಿಗೆ ದೊರೆತುದೇನು? ರಾಯಚೂರಿನ ಬಸ್ ನಿಲ್ದಾಣದಲ್ಲಿ ದೇವದುರ್ಗದ ಬಸ್ಸಿನ ಪ್ರಕಟಣೆಯು ಬರಿಯ ಗದ್ದಲವಾಗಿ ಕಿವಿಗೆ ಬಿದ್ದರೆ ಬಸ್ಸೇ ತಪ್ಪೀತು. ಇಂತಹ ಕಡೆ ಸದ್ದು ಸಾಲದೆಂದು ಗುಂಡಿಯನ್ನು ತಿರುಗಿಸುವುದು ವಾಡಿಕೆ. ಕೊರತೆಯಿರುವುದು ಹೆಚ್ಚಾಗಿ ಬೇರೆಡೆ.

ನಮ್ಮ ಕಿವಿಯು ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ಶಬ್ದವನ್ನು ಗ್ರಹಿಸಬಲ್ಲದು. ಗಂಡಸಿನ ದನಿಯ ಮೂಲಸ್ವರವು ಸುಮಾರು 100ರಿಂದ 150 ಕಂಪನಗಳದು. ಆದರೆ ಮಾತಿನ ಅರ್ಥವನ್ನು ಹೊರುವುದು ಅದಲ್ಲ. ದೂರವಾಣಿಯು ಬಹುಕಾಲ 300ರಿಂದ 3,400ರವರೆಗಿನ ಕಂಪನಗಳನ್ನಷ್ಟೇ ಸಾಗಿಸುತ್ತಿದ್ದರೂ ಮಾತು ತಿಳಿಯುತ್ತಿತ್ತು. ಸ್ವರಗಳ ಗುರುತು ಬಹುಮಟ್ಟಿಗೆ ಈ ನಡುಪ್ರದೇಶದಲ್ಲಿದೆ. ತಕಾರ ಟಕಾರಗಳನ್ನು ಬೇರ್ಪಡಿಸುವ ಕ್ಷಣಿಕ ಸಿಡಿತವು 1,000ದಿಂದ 5,000ದ ಆಸುಪಾಸಿನಲ್ಲಿದೆ. ಕಿವಿಯು ಅತ್ಯಂತ ಸೂಕ್ಷ್ಮವಾಗಿರುವುದೂ 2,000ದಿಂದ 5,000ದ ನಡುವೆಯೇ. ಆದುದರಿಂದ ಇಲ್ಲಿಯ ಸಣ್ಣ ದೋಷವೂ ಬೇಗನೆ ಬಯಲಾಗುತ್ತದೆ.

ಒಂದೇ ಬಲದ ವಿದ್ಯುತ್ತನ್ನು ಬೇರೆ ಬೇರೆ ಕಂಪನಸಂಖ್ಯೆಗಳಲ್ಲಿ ಕೊಟ್ಟಾಗ ಧ್ವನಿವರ್ಧಕವು ಎಷ್ಟೆಷ್ಟು ಸದ್ದು ಮಾಡುವುದೆಂಬುದನ್ನು ರೇಖೆಯಾಗಿ ಬರೆಯಬಹುದು. ಈ ರೇಖೆ ಸಮನಾಗಿದ್ದಷ್ಟೂ ದನಿ ಸಹಜ. ಪೆಟ್ಟಿಗೆಯ ಮೇಲೆ “40ರಿಂದ 20,000” ಎಂದು ಅಚ್ಚಿಸಿ, ನಡುವಿನ ಏರಿಳಿತ ಎಷ್ಟು ಡೆಸಿಬೆಲ್ ಎಂದು ಹೇಳದಿದ್ದರೆ ಆ ಅಂಕೆಗಳಿಂದ ಹೆಚ್ಚಿನ ಪ್ರಯೋಜನವಿಲ್ಲ. 10 ಡೆಸಿಬೆಲ್ ಏರಿದರೆ ಸದ್ದು ಕಿವಿಗೆ ಸುಮಾರು ಇಮ್ಮಡಿಯಾಗಿ ತೋರುತ್ತದೆ. ಕಹಳೆಯಾಕಾರದ ಧ್ವನಿವರ್ಧಕದ ಬಾಯಿ ಚಿಕ್ಕದಾದ್ದರಿಂದ ಮಂದ್ರವು ಹೊರಡದು. ನಡುದನಿ ದೂರ ಸಾಗುತ್ತದೆ. ಆದರೆ ಅದರ ರೇಖೆಯಲ್ಲಿ ಚೂಪಾದ ಶಿಖರಗಳಿದ್ದರೆ ಕೆಲವು ಅಕ್ಷರಗಳು ಕಿರುಚಿ, ಪಕ್ಕದವು ಮರೆಯಾಗುತ್ತವೆ.

ದೊಡ್ಡ ಸ್ಪೀಕರಿನ ತೊಂದರೆ ಬೇರೆ. 30 ಸೆಂಟಿಮೀಟರ್ ಅಗಲದ ಕಾಗದದ ಶಂಕುವಿಗೆ ಸುಮಾರು 1,100 ಕಂಪನಗಳ ಅಲೆಯು ತನ್ನ ಅಗಲದಷ್ಟೇ ಉದ್ದವಾಗಿರುತ್ತದೆ. ಅದಕ್ಕೂ ಮೇಲಿನ ಶಬ್ದವು ಕಿರಿದಾದ ಕಿರಣದಂತೆ ಮುಂದಕ್ಕೆ ನುಗ್ಗುತ್ತದೆ. ಎದುರಿಗೆ ಕುಳಿತವನಿಗೆ ಮಾತು, ಪಕ್ಕದಲ್ಲಿದ್ದವನಿಗೆ ಗುಡುಗು! ಇದನ್ನು ತಪ್ಪಿಸಲು ತಾರಕ್ಕೆ ಬೇರೊಂದು ಚಿಕ್ಕ ಸ್ಪೀಕರನ್ನು ಕೂಡಿಸುತ್ತಾರೆ. ಎರಡರ ಸಂಧಿಯು ಸರಿಯಾಗದಿದ್ದರೆ ನಡುದನಿಯಲ್ಲೇ ಹಳ್ಳ ಬೀಳುತ್ತದೆ.

ಗುಂಡಿಯನ್ನು ಮಿತಿಮೀರಿ ತಿರುಗಿಸಿದರೆ ಅಲೆಯ ತಲೆ ಕತ್ತರಿಸಿಹೋಗಿ ಇಲ್ಲದ ಉಪಸ್ವರಗಳು ಹುಟ್ಟಿ, ವ್ಯಂಜನಗಳನ್ನು ಇನ್ನಷ್ಟು ಮುಚ್ಚುತ್ತವೆ. ಮಂದ್ರವನ್ನು ತಗ್ಗಿಸಿ, ಸ್ಪೀಕರನ್ನು ಜನರತ್ತ ತಿರುಗಿಸುವುದು ಮೇಲು. ಪರೀಕ್ಷೆಗೆ ಒಬ್ಬನು “ಕಲೆ, ಕಳೆ, ಕತ್ತು, ಕಟ್ಟು” ಎಂದು ಮನಬಂದ ಕ್ರಮದಲ್ಲಿ ಓದಲಿ, ಮೈದಾನದ ಮೂಲೆಯಲ್ಲಿ ನಿಂತ ಇನ್ನೊಬ್ಬನು ಓದುವವನ ತುಟಿಯನ್ನು ನೋಡದೆ ಬರೆದುಕೊಳ್ಳಲಿ.