ಲ್ಯಾಪ್‌ಟಾಪಿನ ಒಳಗಿನ ಮೋಡೆಮ್ ಲಿನಕ್ಸ್‌ನಲ್ಲಿ ಮಾತಾಡಿದ್ದು

2007ರ ಬೇಸಿಗೆ ರಜೆಯಲ್ಲಿ ಜಿದ್ದಾದಿಂದ ಊರಿಗೆ ಬಂದ ಅಣ್ಣ, ತಾನು ಬಳಸುತ್ತಿದ್ದ ಹಳೆಯ ಲ್ಯಾಪ್‌ಟಾಪನ್ನು ನನಗೆ ಬಿಟ್ಟುಹೋದ. ವೈರಸ್ ಹೊಡೆದು ಅದರಲ್ಲಿದ್ದ ವಿಂಡೋಸ್ ಏಳುತ್ತಿರಲಿಲ್ಲ. ಮತ್ತೆ ಹಾಕಲು ಸಿಡಿಯೂ ನಮ್ಮಲ್ಲಿರಲಿಲ್ಲ. ಗೆಳೆಯನೊಬ್ಬನಿಗೆ ಉಬುಂಟು 6.06ರ ಸಿಡಿ ಅಂಚೆಯಲ್ಲಿ ಉಚಿತವಾಗಿ ಬಂದಿತ್ತು. ಅದನ್ನೇ ತಂದು ಹಾಕಿದೆ. ಪರದೆ, ಧ್ವನಿ, ಸಿಡಿ ಡ್ರೈವ್ ಎಲ್ಲವೂ ಮೊದಲ ದಿನವೇ ಸರಿಯಾಗಿ ಕೆಲಸ ಮಾಡಿದವು. ಒಂದೇ ಒಂದು ಮಾತ್ರ ಆಗಲಿಲ್ಲ. ಫೋನ್ ತಂತಿ ಚುಚ್ಚಿದರೆ ಇಂಟರ್ನೆಟ್ ಬರಲಿಲ್ಲ.

ನಮ್ಮ ಊರಿಗೆ ಆಗ ಬ್ರಾಡ್‌ಬ್ಯಾಂಡ್ ಇನ್ನೂ ಬಂದಿರಲಿಲ್ಲ. ಇದ್ದದ್ದು ಲ್ಯಾಂಡ್‌ಲೈನ್ ಒಂದೇ. ಅಣ್ಣ ಜಿದ್ದಾಕ್ಕೆ ಮರಳಿದ ಎರಡು ವಾರಕ್ಕೆ ಅವನಿಗೆ ಹೆಣ್ಣು ಮಗುವಾಯಿತು. ಫೋಟೋವನ್ನು ಇಮೇಲ್‌ನಲ್ಲಿ ಕಳಿಸಿದ್ದೇನೆ ಎಂದ. ಉಮ್ಮ ದಿನಾ ಸಂಜೆ ಲ್ಯಾಪ್‌ಟಾಪಿನ ಹತ್ತಿರ ಬಂದು "ಆಯಿತಾ?" ಎಂದು ಕೇಳುವುದು, ನಾನು "ಇಲ್ಲ" ಎನ್ನುವುದು ನಡೆದೇ ಇತ್ತು. ಪೇಟೆಯ ಅಂಗಡಿಯಲ್ಲಿ ತೋರಿಸಿದಾಗ "ಒಳಗಿನ ಮೋಡೆಮ್ ಸುಟ್ಟುಹೋಗಿದೆ, ಹೊರಗಿನದೊಂದು ತೆಗೆದುಕೊಳ್ಳಿ" ಎಂದರು. ಅದಕ್ಕೆ ಹಣವಿರಲಿಲ್ಲ. ಅದರ ಜೊತೆಗೆ ನನಗೊಂದು ಅನುಮಾನವೂ ಇತ್ತು. ಅಣ್ಣ ಊರಿಗೆ ಬರುವ ಹಿಂದಿನ ತಿಂಗಳವರೆಗೂ ಅದೇ ಮೋಡೆಮ್ ಬಳಸಿದ್ದ. ವೈರಸ್ ಬಂದರೆ ಮೋಡೆಮ್ ಯಾಕೆ ಸುಡಬೇಕು?

ನನ್ನ ಅನುಮಾನ ಸರಿಯಾಗಿತ್ತು. ಮೋಡೆಮ್ ಸುಟ್ಟಿರಲಿಲ್ಲ. ಅದರ ಅರ್ಧ ಭಾಗ ಲಿನಕ್ಸ್‌ನಲ್ಲಿ ಇರಲಿಲ್ಲ, ಅಷ್ಟೇ. ನಮ್ಮ ಕಾಲೇಜಿನಲ್ಲಿ ಇನ್ನೂ ನಾಲ್ಕೈದು ಮಂದಿ ಇದೇ ತೊಂದರೆ ಹೇಳಿದ್ದರಿಂದ, ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೋಡೆಮ್ ಮಾಡುವ ಮೂರು ಕೆಲಸ

ಟೆಲಿಫೋನ್ ತಂತಿಯನ್ನು ಮಾಡಿದ್ದು ಮನುಷ್ಯರ ಮಾತಿಗೆ. ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನು ಮಾತ್ರ ಅದು ಸಾಗಿಸುತ್ತದೆ. ಕಂಪ್ಯೂಟರಿನ ಸೊನ್ನೆ ಮತ್ತು ಒಂದುಗಳನ್ನು ಆ ಮಿತಿಯೊಳಗಿನ ಸದ್ದಾಗಿ ಮಾರ್ಪಡಿಸುವುದು ಮಾಡ್ಯುಲೇಷನ್. ಆ ಕಡೆಯಿಂದ ಬಂದ ಸದ್ದನ್ನು ಮತ್ತೆ ಸೊನ್ನೆ ಒಂದು ಮಾಡುವುದು ಡಿಮಾಡ್ಯುಲೇಷನ್. ಈ ಎರಡು ಪದಗಳ ತುಂಡು ಸೇರಿ ಮೋಡೆಮ್ ಎಂಬ ಹೆಸರಾಯಿತು.

ಹಳೆಯ ಕಾಲದ, ಡಬ್ಬಿಯಂತಿರುವ ಹೊರಗಿನ ಮೋಡೆಮಿನಲ್ಲಿ ಮೂರು ಭಾಗಗಳಿರುತ್ತವೆ. ಒಂದು, ಫೋನ್ ತಂತಿಗೆ ಸುರಕ್ಷಿತವಾಗಿ ಜೋಡಿಸಿಕೊಂಡು ರಿಸೀವರ್ ಎತ್ತುವ, ಇಡುವ ಕೆಲಸ ಮಾಡುವ ಸರ್ಕ್ಯೂಟ್. ಎರಡು, ಸದ್ದಿನ ಲೆಕ್ಕಾಚಾರ ಮಾಡುವ ಡಿಎಸ್‌ಪಿ ಚಿಪ್. ಮೂರು, ನಮ್ಮ ಆದೇಶಗಳನ್ನು ಕೇಳುವ, ತಪ್ಪು ತಿದ್ದುವ ಕಂಟ್ರೋಲರ್. ಆದೇಶದ ಭಾಷೆ ಎಟಿ ಎಂಬ ಎರಡು ಅಕ್ಷರಗಳಿಂದ ಶುರುವಾಗುತ್ತದೆ. 1981ರಲ್ಲಿ ಹೇಯ್ಸ್ ಕಂಪನಿಯ ಸ್ಮಾರ್ಟ್‌ಮೋಡೆಮ್ ತಂದ ಈ ಭಾಷೆಯನ್ನೇ ಉಳಿದವರೂ ಹಿಡಿದರು. ಇಂಥ ಮೋಡೆಮ್ ಲಿನಕ್ಸ್‌ನಲ್ಲಿ ತಕರಾರಿಲ್ಲದೆ ನಡೆಯುತ್ತದೆ. ಏಕೆಂದರೆ ಕಂಪ್ಯೂಟರ್ ಅದಕ್ಕೆ ಸೀರಿಯಲ್ ಪೋರ್ಟಿನಲ್ಲಿ ಆದೇಶ ಕಳಿಸಿದರೆ ಸಾಕು, ಉಳಿದದ್ದನ್ನು ಡಬ್ಬಿಯೇ ಮಾಡುತ್ತದೆ.

ತೊಂಬತ್ತರ ದಶಕದ ಕೊನೆಗೆ ಕಂಪ್ಯೂಟರಿನ ಪ್ರೊಸೆಸರ್‌ಗಳು ವೇಗವಾದವು. ಆಗ ತಯಾರಕರು ಖರ್ಚು ಉಳಿಸಲು ಎರಡನೆಯ ಮತ್ತು ಮೂರನೆಯ ಭಾಗಗಳನ್ನು ತೆಗೆದುಹಾಕಿದರು. ಆ ಕೆಲಸವನ್ನು ವಿಂಡೋಸ್‌ಗೆ ಬರೆದ ಒಂದು ಪ್ರೋಗ್ರಾಮಿಗೆ ವಹಿಸಿದರು. ಆದ್ದರಿಂದ ಇದಕ್ಕೆ ವಿನ್‌ಮೋಡೆಮ್ ಅಥವಾ ಸಾಫ್ಟ್‌ಮೋಡೆಮ್ ಎಂಬ ಹೆಸರು ಬಂತು. ಲ್ಯಾಪ್‌ಟಾಪಿನೊಳಗೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಕಾರ್ಡ್ ಇರುತ್ತದೆ. ಅದರಲ್ಲಿರುವುದು ಮೊದಲನೆಯ ಭಾಗ, ಜೊತೆಗೆ ಸದ್ದನ್ನು ಅಂಕಿಯಾಗಿಸುವ ಕೋಡೆಕ್ ಎಂಬ ಚಿಪ್, ಇಷ್ಟು ಮಾತ್ರ. ವಿಂಡೋಸ್ ಹೋದಾಗ ಮೋಡೆಮಿನ ಮಿದುಳೂ ಅದರೊಡನೆ ಹೋಯಿತು.

ಮೊದಲು ಗುರುತು ಹಿಡಿಯಿರಿ

ಇಲ್ಲಿ ಆದೇಶಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

ಮೊದಲ ಆದೇಶ ‘ಎಲ್‌ಎಸ್‌ಪಿಸಿಐ’. ಇದು ಯಂತ್ರದೊಳಗಿನ ಸಾಧನಗಳ ಪಟ್ಟಿ ಕೊಡುತ್ತದೆ. ನನ್ನದರಲ್ಲಿ ಒಂದು ಸಾಲು ಹೀಗಿತ್ತು: ಮೋಡೆಮ್, ಇಂಟೆಲ್ 82801ಡಿಬಿ, ಎಸಿ97 ಮೋಡೆಮ್ ಕಂಟ್ರೋಲರ್. ಲಿನಕ್ಸ್‌ಗೆ ಕಾರ್ಡ್ ಕಾಣುತ್ತಿದೆ ಎಂದು ಇದರಿಂದಲೇ ಗೊತ್ತಾಯಿತು.

ಎರಡನೆಯ ಆದೇಶ ‘ಎಪ್ಲೇ -ಎಲ್’. ಇದು ನಿಜಕ್ಕೂ ಸೌಂಡ್ ಕಾರ್ಡ್‌ಗಳ ಪಟ್ಟಿ. ಅದರಲ್ಲಿ ಕಾರ್ಡ್ 0 ಎಂದು ಧ್ವನಿ, ಕಾರ್ಡ್ 1 ಎಂದು ಮೋಡೆಮ್ ಕಾಣಿಸಿತು. ಸೌಂಡ್ ಕಾರ್ಡುಗಳ ಸಾಲಿನಲ್ಲಿ ಮೋಡೆಮ್ ನಿಂತಿದ್ದು ನೋಡಿ ನನಗೆ ಆಶ್ಚರ್ಯವಾಯಿತು. ಆದರೆ ಯೋಚಿಸಿದರೆ ಸರಿಯೇ. ಮಿದುಳು ತೆಗೆದ ಮೋಡೆಮ್ ಎಂದರೆ ಫೋನ್ ತಂತಿಗೆ ಜೋಡಿಸಿದ ಸೌಂಡ್ ಕಾರ್ಡ್. ಅದಕ್ಕೆ ಬೇಕಾದ ‘ಎಸ್‌ಎನ್‌ಡಿ-ಇಂಟೆಲ್8ಎಕ್ಸ್0ಎಂ’ ಎಂಬ ಡ್ರೈವರ್ ಉಬುಂಟುವಿನಲ್ಲಿ ಮೊದಲೇ ಇತ್ತು.

ಒಂದು ಎಚ್ಚರಿಕೆ. ಇಂಟೆಲ್ ಎಂದು ಬಂದರೆ ಸಾಲದು. ಆ ಕಂಟ್ರೋಲರಿನ ಹಿಂದೆ ಯಾವ ಕಂಪನಿಯ ಕೋಡೆಕ್ ಇದೆ ಎಂಬುದೇ ಮುಖ್ಯ. ‘ಸ್ಕ್ಯಾನ್‌ಮೋಡೆಮ್’ ಎಂಬ ಸಣ್ಣ ಪ್ರೋಗ್ರಾಮ್ ಓಡಿಸಿದರೆ ಅದು ಇದನ್ನೆಲ್ಲ ಪರೀಕ್ಷಿಸಿ ಯಾವ ಡ್ರೈವರ್ ಹೊಂದೀತು ಎಂದು ಒಂದು ಕಡತದಲ್ಲಿ ಬರೆದಿಡುತ್ತದೆ. ನನ್ನದಕ್ಕೆ ಸ್ಮಾರ್ಟ್‌ಲಿಂಕ್ ಕಂಪನಿಯ ‘ಎಸ್‌ಎಲ್‌ಮೋಡೆಮ್’ ಹೊಂದುತ್ತಿತ್ತು. ಕೊನೆಕ್ಸೆಂಟ್ ಚಿಪ್ ಇದ್ದವರಿಗೆ ಲಿನಕ್ಸೆಂಟ್ ಕಂಪನಿಯ ಡ್ರೈವರ್ ಬೇಕಿತ್ತು. ಅದರ ಉಚಿತ ಆವೃತ್ತಿ ಸೆಕೆಂಡಿಗೆ 14.4 ಸಾವಿರ ಬಿಟ್‌ಗಳಿಗೆ ನಿಲ್ಲುತ್ತಿತ್ತು, ಪೂರ್ತಿ ವೇಗಕ್ಕೆ ಹಣ ಕೊಡಬೇಕಿತ್ತು.

ಇಂಟರ್ನೆಟ್ ಇಲ್ಲದೆ ಇಂಟರ್ನೆಟ್ಟಿನ ಡ್ರೈವರ್

ಇಂಟರ್ನೆಟ್ ಬರಲು ಡ್ರೈವರ್ ಬೇಕು, ಡ್ರೈವರ್ ತರಲು ಇಂಟರ್ನೆಟ್ ಬೇಕು. ನಾನು ಕಾಲೇಜಿನ ಲ್ಯಾಬಿನಲ್ಲಿ ಬಿಡುವಿನ ಹೊತ್ತಿನಲ್ಲಿ ‘ಎಸ್‌ಎಲ್-ಮೋಡೆಮ್-ಡೀಮನ್’ ಮತ್ತು ‘ಡಬ್ಲ್ಯುವಿಡಯಲ್’ ಎಂಬ ಎರಡು ಪ್ಯಾಕೇಜ್‌ಗಳನ್ನು ಪೆನ್ ಡ್ರೈವ್‌ನಲ್ಲಿ ತುಂಬಿಕೊಂಡೆ. ಮನೆಗೆ ಹೋಗಿ ಹಾಕಿದರೆ, ಒಂದು ಪ್ಯಾಕೇಜ್ ಮತ್ತೊಂದನ್ನು ಕೇಳಿತು. ಮರುದಿನ ಅದನ್ನು ತಂದೆ. ಹೀಗೆ ಮೂರು ದಿನ ಹೋಯಿತು. ನೀವು ಮಾಡುವಾಗ, ಪ್ಯಾಕೇಜಿನ ವಿವರದಲ್ಲಿ ‘ಡಿಪೆಂಡ್ಸ್’ ಎಂಬ ಸಾಲನ್ನು ಓದಿ, ಬೇಕಾದದ್ದನ್ನೆಲ್ಲ ಒಂದೇ ಸಲ ತನ್ನಿ. ನಿಮ್ಮ ಉಬುಂಟು ಆವೃತ್ತಿಗೆ ಸೇರಿದ್ದನ್ನೇ ತನ್ನಿ.

ಪ್ಯಾಕೇಜ್ ಹಾಕಿದ ಮೇಲೆ ‘ಎಸ್‌ಎಲ್‌ಮೋಡೆಮ್‌ಡಿ’ ಎಂಬ ಪ್ರೋಗ್ರಾಮ್ ಹಿನ್ನೆಲೆಯಲ್ಲಿ ಓಡುತ್ತದೆ. ಕಳೆದುಹೋದ ಮಿದುಳು ಇದೇ. ಅದಕ್ಕೆ ಎರಡು ವಿಷಯ ಹೇಳಬೇಕು: ಯಾವ ಕಾರ್ಡ್, ಯಾವ ದೇಶ. ನಾನು ಮೊದಲು ‘ಎಚ್‌ಡಬ್ಲ್ಯು:0’ ಎಂದು ಕೊಟ್ಟು ತಪ್ಪು ಮಾಡಿದೆ. ಅದು ಧ್ವನಿಯ ಕಾರ್ಡ್. ‘ಎಚ್‌ಡಬ್ಲ್ಯು:1’ ಎಂದು ತಿದ್ದಿದ ಕೂಡಲೇ ‘/ಡೆವ್/ಟಿಟಿವೈಎಸ್‌ಎಲ್0 ಅನ್ನು ಮೋಡೆಮ್ ಆಗಿ ಬಳಸಿ’ ಎಂಬ ಉತ್ತರ ಪರದೆಯ ಮೇಲೆ ಬಂತು. ದೇಶದ ಜಾಗದಲ್ಲಿ ಅಮೆರಿಕ ಎಂದಿತ್ತು, ಅದನ್ನು ಇಂಡಿಯಾ ಎಂದು ಬದಲಾಯಿಸಿದೆ. ದೇಶ ಯಾಕೆ ಬೇಕು ಎಂದರೆ, ಫೋನ್ ತಂತಿಯ ವಿದ್ಯುತ್ ಗುಣಗಳೂ ಟೋನ್‌ಗಳೂ ದೇಶದಿಂದ ದೇಶಕ್ಕೆ ಬೇರೆ.

ಪ್ರತಿಯೊಂದು ತಪ್ಪೂ ಒಂದು ಮೆಟ್ಟಿಲು

ಈಗ ಡಯಲ್ ಮಾಡುವ ಕೆಲಸ. ‘ಡಬ್ಲ್ಯುವಿಡಯಲ್’ನ ಕಡತದಲ್ಲಿ ಮೋಡೆಮಿನ ಹೆಸರು, ಇಂಟರ್ನೆಟ್ ಸೇವೆಯ ಫೋನ್ ನಂಬರ್, ಯೂಸರ್‌ನೇಮ್, ಪಾಸ್‌ವರ್ಡ್ ಬರೆದು ಓಡಿಸಿದೆ.

ಮೊದಲ ಉತ್ತರ: ‘ನೋ ಡಯಲ್‌ಟೋನ್’. ಪಕ್ಕದ ಫೋನ್ ಎತ್ತಿದರೆ ಟೋನ್ ನನ್ನ ಕಿವಿಗೆ ಚೆನ್ನಾಗಿ ಕೇಳಿಸುತ್ತಿತ್ತು, ಆದರೆ ಮೋಡೆಮಿಗೆ ಅದರ ಗುರುತು ಸಿಗುತ್ತಿರಲಿಲ್ಲ. ಅಮೆರಿಕದ ಡಯಲ್ ಟೋನ್ 350 ಮತ್ತು 440 ಹರ್ಟ್ಸ್‌ಗಳ ಎರಡು ಸ್ವರ ಸೇರಿದ್ದು, ನಮ್ಮದು 400 ಹರ್ಟ್ಸ್ ಆಧರಿಸಿದ್ದು. ದೇಶ ಬದಲಾಯಿಸಿದ ಮೇಲೂ ನಮ್ಮ ಎಕ್ಸ್‌ಚೇಂಜಿನ ಟೋನನ್ನು ಅದು ಒಪ್ಪಲಿಲ್ಲ. ಇದಕ್ಕೆ ಪರಿಹಾರ, ಶುರುವಿನ ಆದೇಶದ ಸಾಲಿಗೆ ‘ಎಟಿಎಕ್ಸ್3’ ಸೇರಿಸುವುದು. ಟೋನಿಗೆ ಕಾಯದೆ ಡಯಲ್ ಮಾಡು ಎಂದು ಇದರ ಅರ್ಥ.

ಎರಡನೆಯ ತೊಂದರೆ: ‘ಕನೆಕ್ಟ್’ ಎಂದು ಬಂದು ತಕ್ಷಣ ಕಡಿದುಹೋಗುತ್ತಿತ್ತು. ನಿಜವಾದ ಸೀರಿಯಲ್ ಪೋರ್ಟಿನಲ್ಲಿ ‘ಆ ಕಡೆಯವರು ಸಿಕ್ಕಿದ್ದಾರೆ’ ಎಂದು ತಿಳಿಸಲು ಪ್ರತ್ಯೇಕ ತಂತಿಯೊಂದಿದೆ. ಎಸ್‌ಎಲ್‌ಮೋಡೆಮ್‌ಡಿ ತೋರಿಸುವುದು ಸೋಗಿನ ಪೋರ್ಟ್, ಅದರಲ್ಲಿ ಆ ತಂತಿ ಇಲ್ಲ. ಕಡತದಲ್ಲಿ ‘ಕ್ಯಾರಿಯರ್ ಚೆಕ್ = ನೋ’ ಎಂದು ಬರೆದ ಮೇಲೆ ಸರಿಯಾಯಿತು.

ಮೂರನೆಯದು: ಸಂಪರ್ಕ ನಿಂತಿತು, ಐಪಿ ವಿಳಾಸವೂ ಸಿಕ್ಕಿತು, ಆದರೆ ಒಂದು ಪುಟವೂ ತೆರೆಯಲಿಲ್ಲ. ಲ್ಯಾಬಿನಲ್ಲಿ ಒಮ್ಮೆ ಲ್ಯಾಪ್‌ಟಾಪಿಗೆ ನೆಟ್‌ವರ್ಕ್ ಕೇಬಲ್ ಹಾಕಿ ವಿಳಾಸವನ್ನು ಕೈಯಾರೆ ಕೊಟ್ಟಿದ್ದೆ. ಯಂತ್ರ ಹೊರಹೋಗಲು ಆ ಹಳೆಯ ದಾರಿಯನ್ನೇ ಹಿಡಿದಿತ್ತು. ಪಿಪಿಪಿ ಪ್ರೋಗ್ರಾಮ್ ಈಗಾಗಲೇ ಇರುವ ದಾರಿಯನ್ನು ಬದಲಾಯಿಸುವುದಿಲ್ಲ. ಆ ಕೇಬಲ್ ಸಂಪರ್ಕವನ್ನು ನಿಲ್ಲಿಸಿ ಮತ್ತೆ ಡಯಲ್ ಮಾಡಿದೆ.

ಈ ಸಲ ಪುಟ ತೆರೆಯಿತು. ವೇಗ 44000 ಎಂದು ತೋರಿಸಿತು. 1998ರ ವಿ.90 ಮಾನದಂಡದಲ್ಲಿ ಬರುವ ದಾರಿಗೆ 56000 ಬಿಟ್, ಹೋಗುವ ದಾರಿಗೆ 33600 ಬಿಟ್ ಎಂದು ಮಿತಿ. ನಮ್ಮ ಹಳೆಯ ತಂತಿಗೆ 44000 ಸಿಕ್ಕಿದ್ದೇ ಹೆಚ್ಚು. ಅಂದರೆ ಸೆಕೆಂಡಿಗೆ ಐದೂವರೆ ಕಿಲೋಬೈಟ್, ಒಂದು ಎಂಬಿಗೆ ಮೂರು ನಿಮಿಷ.

ಅಣ್ಣನ ಫೋಟೋ 240 ಕಿಲೋಬೈಟ್ ಇತ್ತು. ಉಮ್ಮನನ್ನು ಕರೆದೆ. ಚಿತ್ರ ಮೇಲಿನಿಂದ ಕೆಳಕ್ಕೆ ಇಳಿಯತೊಡಗಿತು. ಮೊದಲು ಬಿಳಿ ಟೊಪ್ಪಿ, ಆಮೇಲೆ ಹಣೆ, ಮುಚ್ಚಿದ ಕಣ್ಣು. ಅಷ್ಟರಲ್ಲಿ ಅಣ್ಣನಿಗೆ ಈಗಲೇ ಹೇಳಬೇಕೆಂದು ಉಮ್ಮ ಪಕ್ಕದ ಫೋನ್ ಎತ್ತಿಬಿಟ್ಟರು. ಕಿವಿಗೆ ಕರ್ಕಶ ಸದ್ದು ಬಡಿದು ಗಾಬರಿಯಿಂದ ಇಟ್ಟರು. ಸಂಪರ್ಕ ಕಡಿಯಿತು. ಮತ್ತೆ ಡಯಲ್ ಮಾಡಿದೆ. ಎರಡನೆಯ ಸಲ ಇಡೀ ಮುಖ ಬರುವವರೆಗೆ ಅವರು ಎರಡೂ ಕೈಗಳನ್ನು ಮಡಿಲಲ್ಲಿಟ್ಟು ಕೂತಿದ್ದರು.

ಇನ್ನೂ ಉಳಿದಿರುವ ಮುಚ್ಚಿದ ಬಾಗಿಲು

ಒಂದು ವಿಷಯ ಮುಚ್ಚಿಡಬಾರದು. ಲಿನಕ್ಸ್ ಮುಕ್ತ ತಂತ್ರಾಂಶ, ಅದರ ಮೂಲ ಸಂಕೇತವನ್ನು ಯಾರೂ ಓದಬಹುದು. ಆದರೆ ಎಸ್‌ಎಲ್‌ಮೋಡೆಮ್‌ನೊಳಗೆ ‘ಡಿಎಸ್‌ಪಿಲಿಬ್ಸ್’ ಎಂಬ ಒಂದು ಕಡತವಿದೆ. ಸದ್ದಿನ ಲೆಕ್ಕಾಚಾರವೆಲ್ಲ ಅದರಲ್ಲೇ ಇದೆ, ಅದನ್ನು ಮಾತ್ರ ತಯಾರಕರು ಓದಲಾಗದ ರೂಪದಲ್ಲಿ ಕೊಟ್ಟಿದ್ದಾರೆ. ಆದ್ದರಿಂದಲೇ ಡೆಬಿಯನ್ ಇದನ್ನು ‘ನಾನ್-ಫ್ರೀ’ ವಿಭಾಗದಲ್ಲಿಟ್ಟಿತ್ತು. ಆ ಕಡತ 32 ಬಿಟ್ ಯಂತ್ರಗಳಿಗೆ ಮಾಡಿದ್ದು. 64 ಬಿಟ್ ಲಿನಕ್ಸ್‌ಗೆ ಅದನ್ನು ಹೊಂದಿಸಲು ಬೇರೆಯವರಿಗೆ ಆಗುವುದಿಲ್ಲ, ಮೂಲವೇ ಕೈಯಲ್ಲಿಲ್ಲವಲ್ಲ. ನಾಳೆ ತಯಾರಕರು ಕೈಬಿಟ್ಟರೆ ಒಳ್ಳೆಯ ಯಂತ್ರವೂ ಮೂಲೆಗೆ ಸೇರುತ್ತದೆ. ನನ್ನ ಲ್ಯಾಪ್‌ಟಾಪಿಗೆ ‘ಸುಟ್ಟುಹೋಗಿದೆ’ ಎಂಬ ಹೆಸರು ಬಂದದ್ದೂ ಹಾಗೆಯೇ.

ಗೆಳೆಯರೇ, ಕಂಪ್ಯೂಟರ್ ಸೈನ್ಸ್ ತರಗತಿಯಲ್ಲಿ ಹಾರ್ಡ್‌ವೇರ್ ಎಂದರೇನು, ಸಾಫ್ಟ್‌ವೇರ್ ಎಂದರೇನು ಎಂಬ ಎರಡು ಅಂಕದ ಪ್ರಶ್ನೆಗೆ ನಾವೆಲ್ಲ ಉತ್ತರ ಬರೆದಿದ್ದೇವೆ. ಈ ಮೋಡೆಮಿನಲ್ಲಿ ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂದು ಕಣ್ಣಾರೆ ನೋಡಿದ ಮೇಲೆಯೇ ನನಗೆ ಆ ಉತ್ತರ ಅರ್ಥವಾದದ್ದು. ಯಂತ್ರ ಕೆಟ್ಟಿದೆ ಎಂದು ಯಾರಾದರೂ ಹೇಳಿದರೆ, ಯಾವ ಭಾಗ ಕೆಟ್ಟಿದೆ ಎಂದು ಕೇಳಿ. ಪರದೆಯ ಮೇಲೆ ಬರುವ ತಪ್ಪಿನ ಸಾಲನ್ನು ಅಳಿಸುವ ಮೊದಲು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ನೀವು ಎಲ್ಲಿಯವರೆಗೆ ಬಂದಿದ್ದೀರಿ ಎಂದು ಆ ಸಾಲೇ ತಿಳಿಸುತ್ತದೆ.

ನನ್ನ ಪೆನ್ ಡ್ರೈವ್‌ನಲ್ಲಿ ಆ ಪ್ಯಾಕೇಜ್‌ಗಳೆಲ್ಲ ಹಾಗೆಯೇ ಇವೆ. ಬೇಕಾದವರು ಮಧ್ಯಾಹ್ನದ ಬಿಡುವಿನಲ್ಲಿ ಲ್ಯಾಬಿಗೆ ಬನ್ನಿ. ಬರುವಾಗ ‘ಎಲ್‌ಎಸ್‌ಪಿಸಿಐ’ ಕೊಟ್ಟ ಪಟ್ಟಿಯನ್ನು ಬರೆದು ತನ್ನಿ. ಮನೆಯಲ್ಲಿ ಡಯಲ್ ಮಾಡುವಾಗ ಫೋನ್ ಎತ್ತಬೇಡಿ ಎಂದು ಎಲ್ಲರಿಗೂ ಮೊದಲೇ ಹೇಳಿಡಿ.