ಜಮಖಂಡಿಯ ಕೋಣೆಯಲ್ಲಿ ಹೊನ್ನಾವರದ ಸೇತುವೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಜನ ರೈಲು ಹತ್ತಲು ತಲೆಮಾರುಗಳಿಂದ ಕುಡಚಿಗೋ ಬಾಗಲಕೋಟೆಗೋ ಹೋಗುತ್ತ ಬಂದಿದ್ದಾರೆ. ಸುಮಾರು 142 ಕಿ.ಮೀ. ಉದ್ದದ ಬಾಗಲಕೋಟೆ–ಕುಡಚಿ ಮಾರ್ಗಕ್ಕಾಗಿ ಇಲ್ಲಿ ಧರಣಿ ಕೂತವರು, ಮನವಿ ಕೊಟ್ಟವರು ಎಷ್ಟೋ ಮಂದಿ. ಕಡಲಂತೂ ಇನ್ನೂ ದೂರ. ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯಬೇಕು. ಇಷ್ಟು ದೂರದ ರೈಲನ್ನೂ ಕಡಲನ್ನೂ ಪುಟ್ಟ ಮಾದರಿಯಾಗಿ ಮನೆಯ ಒಂದು ಹಲಗೆಯ ಮೇಲೆ ಕೂಡಿಸಬಹುದು. ಇದಕ್ಕೆ ಬೇಕಾದ ಸಾಮಾನಿನ ಬಹುಪಾಲು ಈ ನಾಲ್ಕು ಊರುಗಳ ಪೇಟೆಯಲ್ಲೇ ಸಿಗುತ್ತದೆ.

ಮಾದರಿಗೆ ನಾನು ಕೊಂಕಣ ರೈಲನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ಅದು ನಮ್ಮ ನಾಡಿನ ಮಾರ್ಗ ಎನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಚಿಕ್ಕ ಜಾಗದ ಕಷ್ಟಕ್ಕೆ ಆ ಮಾರ್ಗದ ನೆಲವೇ ಪರಿಹಾರ ಕೊಡುತ್ತದೆ. ರೋಹಾದಿಂದ ಮಂಗಳೂರು ಬಳಿಯ ತೋಕೂರಿನವರೆಗೆ ಹಬ್ಬಿ, 1998ರ ಜನವರಿ 26ರಂದು ಪೂರ್ತಿಯಾಗಿ ತೆರೆದ ಈ ಮಾರ್ಗ ಬಹುತೇಕ ಕಡೆ ಕಡಲ ದಂಡೆಯ ಮೇಲೆ ಓಡುವುದಿಲ್ಲ. ಸುರಂಗದಿಂದ ಹೊರಬರುತ್ತದೆ, ಕೆಂಪು ಕಲ್ಲಿನ ಕೊರಕಲಲ್ಲಿ ಸಾಗುತ್ತದೆ, ಒಂದು ಅಳಿವೆಯನ್ನು ದಾಟಿ ಮತ್ತೆ ಗುಡ್ಡದೊಳಗೆ ಹೋಗುತ್ತದೆ. ಹೀಗಾಗಿ ಹಲಗೆಯ ಮೇಲೆ ತೋರಿಸಬೇಕಾದ್ದು ಒಂದು ಅಳಿವೆ, ಒಂದು ಸೇತುವೆ, ಎರಡು ಗುಡ್ಡ. ತೆರೆ ಬಡಿಯುವ ಸಮುದ್ರ ಮಾಡಲು ಹೋಗಬೇಡಿ. ಎರಡಡಿ ಅಗಲದಲ್ಲಿ ಅರಬ್ಬೀ ಸಮುದ್ರ ಕೆರೆಯಂತೆ ಕಾಣುತ್ತದೆ, ಅಳಿವೆ ಮಾತ್ರ ಅಳಿವೆಯಾಗಿಯೇ ಕಾಣುತ್ತದೆ.

ಮೊದಲು ಅಳತೆ ಗೊತ್ತುಮಾಡಿಕೊಳ್ಳಬೇಕು. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾದರಿ ಅಳತೆಗಳಲ್ಲಿ ಎರಡು ನಮಗೆ ಸಂಬಂಧಪಟ್ಟವು. ಎಚ್‌ಒ ಎಂದರೆ 1:87, ಅದರ ಹಳಿಗಳ ನಡುವೆ 16.5 ಮಿ.ಮೀ. ಎನ್ ಎಂದರೆ 1:160, ಹಳಿಗಳ ನಡುವೆ 9 ಮಿ.ಮೀ. ಎರಡನ್ನೂ ವಿದೇಶದ 1435 ಮಿ.ಮೀ. ಗೇಜಿಗೆ ಲೆಕ್ಕ ಹಾಕಿ ಮಾಡಿದ್ದಾರೆ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಇರುವುದರಿಂದ ಎನ್ ಅಳತೆಯಲ್ಲಿ ಅದು ಹತ್ತೂವರೆ ಮಿ.ಮೀ. ಆಗಬೇಕಿತ್ತು. ಈ ಒಂದೂವರೆ ಮಿ.ಮೀ. ವ್ಯತ್ಯಾಸ ಪಕ್ಕದಿಂದ ನೋಡುವವರ ಕಣ್ಣಿಗೆ ಬೀಳುವುದಿಲ್ಲ. ಎಚ್‌ಒದಲ್ಲಿ ಸುತ್ತುಹಳಿ ಹಾಕಲು ಕನಿಷ್ಠ ಮೂರರಿಂದ ನಾಲ್ಕಡಿ ಅಗಲ ಬೇಕು. ಎನ್‌ನಲ್ಲಿ ಎರಡಡಿ ಸಾಕು. ಮನೆ ಚಿಕ್ಕದಿದ್ದರೆ ಎನ್ ಆರಿಸಿಕೊಳ್ಳಿ. ಭಾರತದ ಬೋಗಿಗಳು ಈ ಅಳತೆಯಲ್ಲಿ ಸಿಗುವುದು ಕಡಿಮೆ ಎನ್ನುವುದು ನಿಜ. ಆದರೆ ಹುಬ್ಬಳ್ಳಿ ಡೀಸೆಲ್ ಶೆಡ್ಡಿನ ಹೆಮ್ಮೆಯಾದ ಡಬ್ಲ್ಯುಡಿಜಿ-4 ಇಂಜಿನ್ ಅಮೆರಿಕದ ಇಎಂಡಿ ಕಂಪನಿಯ ವಿನ್ಯಾಸ. ಆ ಕಂಪನಿಯ ಇಂಜಿನ್‌ಗಳ ಮಾದರಿಗಳು ಧಾರಾಳವಾಗಿ ಸಿಗುತ್ತವೆ. ಬಣ್ಣ ಬದಲಿಸಿ, ಕ್ಯಾಬಿನ ಮೂತಿ ಸ್ವಲ್ಪ ತಿದ್ದಿದರೆ ನಮ್ಮ ಗಾಡಿಯೇ ಆಗುತ್ತದೆ.

ಇಸವಿಯನ್ನೂ ಈಗಲೇ ಗೊತ್ತುಮಾಡಿ. ಕೊಂಕಣ ಮಾರ್ಗದ ವಿದ್ಯುದೀಕರಣ 2022ರಲ್ಲಿ ಮುಗಿಯಿತು. ಅದರ ನಂತರದ ಚಿತ್ರ ಬೇಕೆಂದರೆ ಸೇತುವೆಯುದ್ದಕ್ಕೂ ಕಂಬ, ತಂತಿ ಎಳೆಯಬೇಕು. ಎನ್ ಅಳತೆಯಲ್ಲಿ ಅದು ತಾಳ್ಮೆಗೆಡಿಸುವ ಕೆಲಸ. 1998ರಿಂದ ಮುಂದಿನ ಡೀಸೆಲ್ ಕಾಲ ಇಟ್ಟುಕೊಂಡರೆ ಆ ತಾಪತ್ರಯವಿಲ್ಲ. ಮೇಲಾಗಿ ಲಾರಿಗಳನ್ನೇ ಹೊತ್ತು ಸಾಗುವ ರೋ-ರೋ ಗಾಡಿ 1999ರಲ್ಲಿ ಶುರುವಾದದ್ದು ಈ ಮಾರ್ಗದಲ್ಲೇ. ತೆರೆದ ವ್ಯಾಗನ್ನುಗಳ ಮೇಲೆ ನಾಲ್ಕು ಪುಟ್ಟ ಲಾರಿ ನಿಲ್ಲಿಸಿದರೆ ಸಾಕು, ಗೊತ್ತಿದ್ದವರು ಇದು ಕೊಂಕಣ ರೈಲೆಂದು ತಟ್ಟನೆ ಗುರುತಿಸುತ್ತಾರೆ.

ಎಂಟಡಿ ನಾಲ್ಕಡಿ ಪ್ಲೈವುಡ್ ಹಾಳೆಯನ್ನು ಕೊಯ್ಯಿಸಿದರೆ ನಾಲ್ಕಡಿ ಎರಡಡಿಯ ನಾಲ್ಕು ತುಂಡು ಬರುತ್ತವೆ. ಒಂದು ತುಂಡೆಂದರೆ 122×61 ಸೆಂ.ಮೀ. ಅದರ ಮೇಲೆ ಸುಮಾರು 25 ಸೆಂ.ಮೀ. ತ್ರಿಜ್ಯದ ಅರ್ಧವೃತ್ತ ಎರಡು ತುದಿಗೂ ಹಾಕಿದರೆ ಮುಂದೆ ಒಂದು, ಹಿಂದೆ ಒಂದು, ತಲಾ 60 ಸೆಂ.ಮೀ. ನೇರ ಹಳಿ ಉಳಿಯುತ್ತದೆ. ಮುಂದಿನದು ಸೇತುವೆ. ಹಿಂದಿನದನ್ನು ಚಿತ್ರ ಬರೆದ ಹಿನ್ನೆಲೆಪರದೆ ಮರೆಮಾಡಬೇಕು, ತಿರುವುಗಳನ್ನು ಗುಡ್ಡಗಳು ಮುಚ್ಚಬೇಕು. ನಿಜವಾದ ಕೊಂಕಣ ಮಾರ್ಗದ ಅತಿ ಬಿಗಿಯಾದ ತಿರುವಿನ ತ್ರಿಜ್ಯ 1250 ಮೀಟರ್. 1:160ರಲ್ಲಿ ಅದು ಎಂಟು ಮೀಟರ್ ಹತ್ತಿರ ಬರುತ್ತದೆ, ಯಾರ ಮನೆಯಲ್ಲೂ ಹಿಡಿಯುವುದಿಲ್ಲ. ನಮ್ಮ 25 ಸೆಂ.ಮೀ. ತ್ರಿಜ್ಯದಷ್ಟು ಬಿಗಿಯಾಗಿ ತಿರುಗುವ ರೈಲನ್ನು ಕಣ್ಣೆದುರು ಬಿಟ್ಟರೆ ಆಟಿಕೆಯಾಗಿಬಿಡುತ್ತದೆ. ತಿರುವು ಸುರಂಗದೊಳಗೆ ಅಡಗಿದರೆ ನೋಡುವವರಿಗೆ ಕಾಣುವುದು ಗುಡ್ಡದಿಂದ ಬಂದು, ನೀರು ದಾಟಿ, ಗುಡ್ಡಕ್ಕೆ ಹೋದ ರೈಲು ಮಾತ್ರ. ಹಿಂದುಗಡೆ ಅದನ್ನು ಅರ್ಧ ನಿಮಿಷ ನಿಲ್ಲಿಸಿ ಮತ್ತೆ ಬಿಟ್ಟರೆ ಮುಂದಿನ ಗಾಡಿ ಬಂದಂತೆ.

ನೋಡುವವರು ಯಾವ ದಿಕ್ಕಿಗೆ ನಿಂತಿದ್ದಾರೆ ಎನ್ನುವುದನ್ನೂ ನಿರ್ಧರಿಸಿ. ಅವರು ಕಡಲಿನ ಕಡೆಯಿಂದ ಪೂರ್ವಕ್ಕೆ ಮುಖಮಾಡಿದ್ದಾರೆ ಎಂದುಕೊಂಡರೆ ಪರದೆಯ ಮೇಲೆ ಸಹ್ಯಾದ್ರಿ, ಎಡಕ್ಕೆ ಕಾರವಾರ, ಬಲಕ್ಕೆ ಮಂಗಳೂರು. ಸೇತುವೆಯ ಮುಂದೆ ಐದು ಸೆಂ.ಮೀ. ನೀರಿದ್ದರೂ ಸಾಕು, ಹಿಂದೆ ಪರದೆಯವರೆಗೆ ನದಿಯ ಮೇಲ್ಬದಿ ತೆರೆದುಕೊಂಡಿರುತ್ತದೆ.

ಹಲಗೆಗೆ 9 ಅಥವಾ 12 ಮಿ.ಮೀ. ಪ್ಲೈವುಡ್, ಕೆಳಗೆ ಎರಡಿಂಚು ಒಂದಿಂಚಿನ ಪಟ್ಟಿಗಳ ಚೌಕಟ್ಟು. ಪಟ್ಟಿ ಚೆನ್ನಾಗಿ ಒಣಗಿದ್ದೇ ಆಗಬೇಕು ಎಂದು ಬಡಿಗರಿಗೆ ಒತ್ತಿ ಹೇಳಿ. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಒಣ ಬಿಸಿಲು, ಜೂನ್ ಬಂತೆಂದರೆ ತೇವದ ಗಾಳಿ. ಹಸಿ ಕಟ್ಟಿಗೆ ಒಮ್ಮೆ ಕುಗ್ಗಿ ಒಮ್ಮೆ ಹಿಗ್ಗಿ ಹಳಿಯನ್ನು ಸೊಟ್ಟ ಮಾಡುತ್ತದೆ. ಪ್ಲೈವುಡ್ಡಿನ ಎರಡೂ ಮುಖಕ್ಕೆ, ಅಂಚುಗಳಿಗೆ ಪ್ರೈಮರ್ ಬಳಿದುಬಿಡಿ. ಲೋಹದ ಹಳಿ ಹಿಗ್ಗುವುದು ಕಡಿಮೆ, ಒಂದು ಮೀಟರಿಗೆ ಅರ್ಧ ಮಿ.ಮೀ. ಒಳಗೇ. ಚಳಿಗಾಲದಲ್ಲಿ ಹಳಿ ಜೋಡಿಸುವವರು ಮಾತ್ರ ಜಾಯಿಂಟಿನಲ್ಲಿ ಒಂದು ದಪ್ಪ ಕಾಗದ ಹಿಡಿಯುವಷ್ಟು ಸಂದು ಬಿಡಲೇಬೇಕು.

ಪ್ಲೈವುಡ್ಡಿನ ಮೇಲ್ಮೈಯೇ ನೀರಿನ ಮಟ್ಟ. ಹಳಿ ಅದಕ್ಕಿಂತ ಐದು ಸೆಂ.ಮೀ. ಮೇಲೆ, ಸುತ್ತಲೂ ಒಂದೇ ಮಟ್ಟದಲ್ಲಿ ಸಾಗಲಿ. ನಿಜದ ಮಾರ್ಗದಲ್ಲೂ 150ಕ್ಕೆ 1ಕ್ಕಿಂತ ಕಡಿದಾದ ಏರು ಇಟ್ಟಿಲ್ಲ; ಮೇಲಾಗಿ ಸಮಮಟ್ಟದ ಹಳಿಯ ಮೇಲೆ ಚಿಕ್ಕ ಇಂಜಿನ್ ಜಾರುವುದಿಲ್ಲ. ಮೊದಲ ಹಲಗೆಗೆ ಪಾಯಿಂಟ್, ಸೈಡಿಂಗ್ ಯಾವುದೂ ಬೇಡ.

ಹೊನ್ನಾವರದಲ್ಲಿ ಶರಾವತಿಯನ್ನು ದಾಟುವ ಸೇತುವೆ ಕೊಂಕಣ ಮಾರ್ಗದಲ್ಲೇ ಅತಿ ಉದ್ದದ್ದು, ಎರಡು ಕಿಲೋಮೀಟರಿಗೂ ಹೆಚ್ಚು. ನಮ್ಮಲ್ಲಿರುವುದು 60 ಸೆಂ.ಮೀ., ಅಂದರೆ ಅಳತೆ ಪ್ರಕಾರ ನೂರು ಮೀಟರಿಗೂ ಕಡಿಮೆ. ಉದ್ದವಾಗಿ ಕಾಣಿಸಲು ದಾರಿಯುಂಟು. ರೈಲು ಸೇತುವೆಗಿಂತ ಚಿಕ್ಕದಿರಬೇಕು. ಹಳೆಯ ಐಸಿಎಫ್ ಮಾದರಿಯ ಪ್ರಯಾಣಿಕರ ಬೋಗಿ ಎನ್ ಅಳತೆಯಲ್ಲಿ 13 ಸೆಂ.ಮೀ. ಇಂಜಿನ್ನೂ ಅಷ್ಟೇ. ಒಂದು ಇಂಜಿನ್, ಮೂರು ಬೋಗಿ ಸೇರಿ 53 ಸೆಂ.ಮೀ. ಆದಾಗ ಇಡೀ ರೈಲು ನೀರಿನ ಮೇಲೆ ನಿಲ್ಲುತ್ತದೆ, ಎರಡು ತುದಿಗೂ ಸೇತುವೆ ಉಳಿಯುತ್ತದೆ. ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಎಂಟು ಕಣ್ಣು ಮಾಡಿದರೆ ಇನ್ನೂ ಉದ್ದ ಅನ್ನಿಸುತ್ತದೆ. ಬನಹಟ್ಟಿಯವರಿಗೆ ಕಂಬ ಹುಡುಕುವ ಕೆಲಸವೇ ಇಲ್ಲ: ಮಗ್ಗದ ಹಳೆಯ ಕಟ್ಟಿಗೆಯ ಕಂಡಿಕೆ ಕೊಯ್ದು, ಸಿಮೆಂಟ್ ಬಣ್ಣ ಹಚ್ಚಿದರೆ ಆಯಿತು.

ಕಂಬದ ಬುಡಕ್ಕೆ ಬಂದಾಗ ಬೀಳಗಿಯ ಹಿನ್ನೀರಿನ ದಂಡೆಗೆ ಹೋಗಿ ಒಂದಿಷ್ಟು ಹೊತ್ತು ಕೂರಿ. ಆಲಮಟ್ಟಿಯ ನೀರು ಮಣ್ಣನ್ನು ಹೇಗೆ ಮುಟ್ಟುತ್ತದೆ, ಅಂಚಿನಲ್ಲಿ ಬಣ್ಣ ಹೇಗೆ ತಿಳಿಯಾಗುತ್ತದೆ, ಆಳದಲ್ಲಿ ಹೇಗೆ ಕಪ್ಪಾಗುತ್ತದೆ ಎಂದು ನೋಡಿಕೊಳ್ಳಿ. ಒಂದು ಭೇದ ಮಾತ್ರ ನೆನಪಿರಲಿ. ಅಣೆಕಟ್ಟಿನ ನೀರು ವರ್ಷಕ್ಕೊಮ್ಮೆ ಏರಿಳಿದು ದಂಡೆಯ ಮೇಲೆ ಗೆರೆ ಬಿಡುತ್ತದೆ. ಅಳಿವೆಯ ನೀರು ದಿನಕ್ಕೆರಡು ಸಲ ಉಬ್ಬಿ ಇಳಿಯುತ್ತದೆ. ಹಾಗಾಗಿ ಅಳಿವೆಯ ಕಂಬಗಳ ಬುಡದಲ್ಲಿ ಸದಾ ಒದ್ದೆಯಾದ, ಪಾಚಿ-ಚಿಪ್ಪು ಹಿಡಿದ ಕಪ್ಪು ಪಟ್ಟಿ ಇರುತ್ತದೆ. ಮಾದರಿಯಲ್ಲಿ ಒಂದು ಸೆಂ.ಮೀ. ಎತ್ತರಕ್ಕೆ ಕಪ್ಪು-ಹಸಿರು ಬಳಿದು, ಮೇಲಂಚನ್ನು ಒದ್ದೆ ಬೆರಳಿಂದ ತೀಡಿ. ಬಾವಿಯಲ್ಲದ, ಕೆರೆಯಲ್ಲದ, ಕಡಲು ಬಂದು ಹೋಗುವ ನೀರು ಇದು ಎಂದು ಹೇಳುವುದು ಆ ಒಂದು ಪಟ್ಟಿಯೇ.

ನೀರಿಗೆ ನೀಲಿ ಬಣ್ಣ ಹಾಕಬೇಡಿ. ಮಳೆಗಾಲದ ಅಳಿವೆ ಕೆಂಗಂದು, ಉಳಿದ ಕಾಲದಲ್ಲಿ ಮಾಸಲು ಹಸಿರು. ನಡುವೆ ಗಾಢ, ಅಂಚಿಗೆ ಮರಳಿನ ಬಣ್ಣ ಬಳಿದು ಒಣಗಿಸಿ. ಮೇಲೆ ಟಿಶ್ಯೂ ಕಾಗದ ಹಾಸಿ, ನೀರು ಬೆರೆಸಿದ ಫೆವಿಕಾಲ್ ಹಚ್ಚಿ, ಬ್ರಷ್ಷಿನ ತುದಿಯಿಂದ ಸಣ್ಣ ಸುಕ್ಕು ಎಬ್ಬಿಸಿ. ಒಣಗಿದ ಮೇಲೆ ಬಣ್ಣ ತಿದ್ದಿ, ಹೊಳಪಿನ ಅಕ್ರಿಲಿಕ್ ವಾರ್ನಿಷ್ ಮೂರ್ನಾಲ್ಕು ಪದರ ಕೊಟ್ಟರೆ ಮುಗಿಯಿತು. ಎಪಾಕ್ಸಿ ರೆಸಿನ್ ಇನ್ನೂ ಚೆಂದ ಕಾಣುತ್ತದೆ, ಆದರೆ ಗಟ್ಟಿಯಾಗುವಾಗ ಅದು ಬಿಸಿಯಾಗುತ್ತದೆ. ಒಮ್ಮೆಗೆ ಎರಡು-ಮೂರು ಮಿ.ಮೀ. ದಾಟಿದರೆ ಪಕ್ಕದ ಗುಡ್ಡದ ಥರ್ಮಾಕೋಲ್ ಕರಗೀತು. ನಮ್ಮ ಬೇಸಿಗೆಯಲ್ಲಿ ಡಬ್ಬಿಯಲ್ಲೇ ಬೇಗ ಬಿಗಿದುಕೊಳ್ಳುತ್ತದೆ, ಆದ್ದರಿಂದ ನಸುಕಿನ ತಂಪಿನಲ್ಲಿ ಸುರಿಯಿರಿ, ಕಿಟಕಿ ತೆರೆದಿಡಿ.

ಗುಡ್ಡಗಳಿಗೆ ಥರ್ಮಾಕೋಲ್ ಪದರಗಳು, ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಅಂಟಿಸಲು ಫೆವಿಕಾಲಿನಂಥ ನೀರಿನ ಅಂಟನ್ನೇ ಬಳಸಿ. ಸ್ಪ್ರೇ ಪೇಂಟ್, ಥಿನ್ನರ್ ತಗುಲಿದರೆ ಥರ್ಮಾಕೋಲ್ ತಿಂದುಹೋಗುತ್ತದೆ. ಪ್ಲಾಸ್ಟರ್ ಅರೆ ಒಣಗಿದಾಗ ಚಾಕುವಿನಿಂದ ನೇರವಾಗಿ ಕೆತ್ತಿ, ಹುರಮಂಜು ಬಳಿದು, ಮೇಲಿನಿಂದ ಕಪ್ಪು ನೀರಿನ ಗೆರೆ ಇಳಿಬಿಡಿ: ಕರಾವಳಿಯ ಕೆಂಪು ಕಲ್ಲಿನ ಕೊರಕಲು ಸಿದ್ಧ. ಆ ಮಾರ್ಗದಲ್ಲಿ ಮಳೆಗಾಲದಲ್ಲಿ ಗುಡ್ಡ ಕುಸಿಯುವ ಭಯ ಎಷ್ಟೆಂದರೆ ರೈಲುಗಳಿಗೆ ಮಳೆಗಾಲದ ವೇಳಾಪಟ್ಟಿಯೇ ಬೇರೆ. ಬಂಡೆ ಉರುಳದಂತೆ ಕೊರಕಲುಗಳಿಗೆ ತಂತಿಬಲೆ ಹೊದಿಸಿದ್ದಾರೆ. ಹಳೆಯ ಸೊಳ್ಳೆಪರದೆಯ ತುಂಡಿಗೆ ಬೂದು ಬಣ್ಣ ಹಚ್ಚಿ ಹೊದಿಸಿದರೆ ಆ ಬಲೆ ಬಂತು.

ಸುರಂಗದ ಬಾಯಿ ಅಂಟಿಸುವ ಮುನ್ನ ನಿಮ್ಮಲ್ಲಿರುವ ಅತಿ ಉದ್ದದ ಬೋಗಿಯನ್ನು ಕೈಯಿಂದ ತಳ್ಳಿ ನೋಡಲೇಬೇಕು. ತಿರುವಿನಲ್ಲಿ ಬೋಗಿಯ ನಡುಭಾಗ ಒಳಕ್ಕೆ, ತುದಿಗಳು ಹೊರಕ್ಕೆ ಚಾಚುತ್ತವೆ. 25 ಸೆಂ.ಮೀ. ತಿರುವಿನಲ್ಲಿ ಐಸಿಎಫ್ ಬೋಗಿ ಎರಡೂ ಕಡೆ ನಾಲ್ಕರಿಂದ ಐದು ಮಿ.ಮೀ. ಚಾಚುತ್ತದೆ. ಬೋಗಿಯ ಅಗಲ 20 ಮಿ.ಮೀ. ಇದ್ದರೂ ಸುರಂಗದ ಒಳ ಅಗಲ 40 ಮಿ.ಮೀ. ಇಡಿ. ಗುಡ್ಡದ ಹಿಂಬದಿ ಪೂರ್ತಿ ತೆರೆದಿರಲಿ, ಹಳಿ ತಪ್ಪಿದ ಬೋಗಿಯನ್ನು ಕೈಹಾಕಿ ಎತ್ತಿಡಲು.

ಜಲ್ಲಿಗೆ ಘಟಪ್ರಭೆಯ ಮರಳು ಸಾಕು, ಆದರೆ ನುಣ್ಣಗಿರಬೇಕು. ನಿಜದ ಜಲ್ಲಿ ಎನ್ ಅಳತೆಯಲ್ಲಿ ಅರ್ಧ ಮಿ.ಮೀ. ಕೂಡ ಇರುವುದಿಲ್ಲ. ಹಿಟ್ಟಿನ ಜರಡಿಯಲ್ಲಿ ಸೋಸಿ, ತೊಳೆದು ಒಣಗಿಸಿ, ಆಮೇಲೆ ತಪ್ಪದೆ ಅಯಸ್ಕಾಂತ ಆಡಿಸಿ. ಹೊಳೆಮರಳಿನಲ್ಲಿ ಕಬ್ಬಿಣದ ಕಪ್ಪು ಕಣಗಳಿರುತ್ತವೆ. ಅವು ಇಂಜಿನ್ನಿನ ಮೋಟರಿಗೆ ಹಾರಿ ಅಂಟಿಕೊಂಡರೆ ಮೋಟರು ಹೋದಂತೆ. ಮರಳು ಹರಡಿ, ಫೆವಿಕಾಲಿಗೆ ಎರಡರಷ್ಟು ನೀರು ಮತ್ತು ಒಂದು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ ಡ್ರಾಪರಿನಿಂದ ಬಿಡಿ. ಸೋಪಿಲ್ಲದಿದ್ದರೆ ಹನಿ ಮರಳಿನೊಳಗೆ ಇಳಿಯದೆ ಮೇಲೆಯೇ ಉರುಳುತ್ತದೆ.

ತೆಂಗಿನ ಮರಕ್ಕೆ ತಂತಿಯ ಮೇಲೆ ಹತ್ತಿನೂಲು ಸುತ್ತಿ ಅಂಟು ಸವರಿ. ಸುತ್ತಿದ ನೂಲೇ ಕಾಂಡದ ಉಂಗುರಗಳಾಗುತ್ತವೆ. ಎತ್ತರ 11–12 ಸೆಂ.ಮೀ., ಸ್ವಲ್ಪ ನೀರಿನ ಕಡೆ ಬಾಗಿರಲಿ. ಗರಿಗೆ ಕಾಗದವನ್ನು ಉದ್ದಕ್ಕೆ ಮಡಚಿ ಅಂಚನ್ನು ಕತ್ತರಿಸಿ. ದಂಡೆಯ ಗಾಳಿಮರಗಳಿಗೆ ಸುತಳಿಯ ಎಳೆಗಳನ್ನು ಎರಡು ತಂತಿಗಳ ನಡುವೆ ಹಿಡಿದು ಹುರಿ ಮಾಡಿದರೆ ಸಾಕು. ದೋಣಿಗೆ ನಮ್ಮ ಮಕ್ಕಳು ಬಂಡಿ ಮಾಡುವ ಜೋಳದ ದಂಟಿನ ಬೆಂಡಿಗಿಂತ ಒಳ್ಳೆಯ ವಸ್ತುವಿಲ್ಲ, ಬ್ಲೇಡಿನಲ್ಲಿ ಬೇಕಾದ ಆಕಾರಕ್ಕೆ ಬರುತ್ತದೆ.

ವಿದ್ಯುತ್ತಿನ ಕೆಲಸ ಸರಳ. ಎರಡು ಹಳಿಗಳಿಗೆ 12 ವೋಲ್ಟ್ ಡಿಸಿ ಹರಿಯುತ್ತದೆ, ಚಕ್ರಗಳ ಮೂಲಕ ಮೋಟರಿಗೆ ಸೇರುತ್ತದೆ. ವೋಲ್ಟೇಜ್ ಹೆಚ್ಚಿದರೆ ವೇಗ, ಧನ-ಋಣ ಅದಲುಬದಲಾದರೆ ದಿಕ್ಕು ಬದಲು. ಸುತ್ತುಹಳಿಗೆ ಎದುರು-ಬದುರು ಎರಡು ಕಡೆ ತಂತಿ ಬೆಸೆಯಿರಿ. ಕರೆಂಟು ಹೋದಾಗ 12 ವೋಲ್ಟಿನ ಬ್ಯಾಟರಿಯಿಂದ ಓಡಿಸುವವರು ಒಂದು ಆಂಪಿಯರ್ ಫ್ಯೂಸ್ ಇಲ್ಲದೆ ಓಡಿಸಬಾರದು. ಹಳಿಯ ಮೇಲೆ ಒಂದು ಸ್ಕ್ರೂಡ್ರೈವರ್ ಬಿದ್ದರೂ ತಂತಿ ಕಾದು ಹೊತ್ತಿಕೊಳ್ಳುತ್ತದೆ. ವೇಗಕ್ಕೆ ಒಂದು ಲೆಕ್ಕ: ತಾಸಿಗೆ 60 ಕಿ.ಮೀ. ಎಂದರೆ ಈ ಅಳತೆಯಲ್ಲಿ ಸೆಕೆಂಡಿಗೆ ಸುಮಾರು 10 ಸೆಂ.ಮೀ. ಇಂಜಿನ್ ಸೇತುವೆ ದಾಟಲು ಆರು ಸೆಕೆಂಡ್ ತೆಗೆದುಕೊಳ್ಳಬೇಕು. ಅದಕ್ಕಿಂತ ಬೇಗ ದಾಟಿದರೆ ಕಂಟ್ರೋಲರ್ ಇಳಿಸಿ.

ರಬಕವಿ-ಬನಹಟ್ಟಿಯವರಿಗೆ ಒಂದು ವಿಶೇಷ ಎಚ್ಚರಿಕೆ. ಪವರ್‌ಲೂಮ್ ಇರುವ ಓಣಿಯ ಗಾಳಿಯಲ್ಲಿ ಸದಾ ಹತ್ತಿಯ ನವಿರು ಎಳೆಗಳಿರುತ್ತವೆ. ಅವು ಹಳಿಯ ಮೇಲೆ ಕೂತು, ಚಕ್ರದ ಅಚ್ಚಿಗೆ ಸುತ್ತಿ, ಗೇರಿನ ಎಣ್ಣೆ ಹೀರಿ ಗಟ್ಟಿ ಬತ್ತಿಯಾಗುತ್ತವೆ. ಇಂಜಿನ್ ತಡೆದು ತಡೆದು ಓಡಿದರೆ ಮೋಟರನ್ನು ಬೈಯುವ ಮೊದಲು ತಿರುವಿಹಾಕಿ ಚಿಮಟದಿಂದ ಎಳೆ ತೆಗೆಯಿರಿ. ಹಳಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ನಯವಾದ ಬಟ್ಟೆಯಿಂದ ಒರೆಸಿ, ಬಿಡಿ ಹತ್ತಿಯಿಂದ ಬೇಡ. ಓಡಿಸದಾಗ ಮೇಲೆ ಹೊದಿಕೆ ಇರಲಿ.

ಇಂಥ ಕೆಲಸ ದೊಡ್ಡ ಪ್ರಮಾಣದಲ್ಲಿ ಹೇಗಿರುತ್ತದೆಂದು ನೋಡುವ ಆಸೆಯಿದ್ದರೆ ಪುಣೆಯ ಕೊಥ್ರೂಡ್‌ನಲ್ಲಿ 1998ರಲ್ಲಿ ತೆರೆದ ಜೋಶಿ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ಇದೆ. ಕುಡಚಿಯಿಂದ ಮೀರಜ್ ಮೇಲೆ ಹೋಗಬಹುದು.

ಒಂದು ಹಾಳೆಯ ನಾಲ್ಕು ತುಂಡಿನಲ್ಲಿ ಒಂದನ್ನಷ್ಟೇ ಬಳಸಿದ್ದೇವೆ. ಉಳಿದ ಮೂರನ್ನು ಗೆಳೆಯರಿಗೆ ಹಂಚಿದರೆ ನಾಲ್ಕೂ ಊರು ಸೇರಿ ಒಂದೇ ಮಾರ್ಗ ಕಟ್ಟಬಹುದು. ಆಗ ಸುತ್ತುಹಳಿಯನ್ನು ನಡುವೆ ಸೀಳಿದಂತೆ ಯೋಚಿಸಿ: ಇಬ್ಬರು ತಿರುವಿನ ತುದಿ ಹಲಗೆಗಳನ್ನು ಮಾಡಲಿ, ಇಬ್ಬರು ಎರಡು ನೇರ ಹಳಿಗಳ ನಡು ಹಲಗೆಗಳನ್ನು. ಮೊದಲೇ ಮೂರು ಅಳತೆಗೆ ಎಲ್ಲರೂ ಒಪ್ಪಿಕೊಂಡಿರಬೇಕು. ಹಳಿ ಮುಂದಿನ ಮತ್ತು ಹಿಂದಿನ ಅಂಚಿನಿಂದ 5.5 ಸೆಂ.ಮೀ. ಒಳಗೆ, ನೀರಿನಿಂದ 5 ಸೆಂ.ಮೀ. ಮೇಲೆ, ಹಲಗೆಗಳನ್ನು ಬಿಗಿಯುವ ಬೋಲ್ಟಿನ ತೂತುಗಳು ಒಂದೇ ಮಾದರಿಪಟ್ಟಿ ಇಟ್ಟು ಕೊರೆದವು. ನಡುವಿನ ಎರಡು ಹಲಗೆ ಪೂರ್ತಿ ಸೇತುವೆಯಾದರೆ ಎಂಟಡಿ ನೀರು ಸಿಗುತ್ತದೆ. ಶರಾವತಿ ಸೇತುವೆಯನ್ನು ಕತ್ತರಿಸದೆ ಪೂರ್ತಿ ಅಳತೆಗೆ ಮಾಡಬೇಕೆನ್ನುವವರಿಗೆ ಬೇಕಾದದ್ದು ಸುಮಾರು 13 ಮೀಟರ್, ಅಂದರೆ ಇಂಥ ಹನ್ನೊಂದು ಹಲಗೆ. ಒಂದು ಶಾಲೆಯ ವಿಜ್ಞಾನ ಸಂಘಕ್ಕೆ ಅದೇನೂ ಆಗದ ಕೆಲಸವಲ್ಲ.